ಒಂದು ಸಲ ಹಿಡಿದ ಬೆಲ್ಟು

ನಾನು ಒಂದು ಬೆಲ್ಟು. ಪ್ಯಾಂಟಿಗೆ ಹಾಕುವುದಲ್ಲ. ರೇಸ್ ಕಾರಿನೊಳಗೆ ಮನುಷ್ಯರನ್ನು ಸೀಟಿಗೆ ಕಟ್ಟಿಹಾಕುವ ಬೆಲ್ಟು. ನನಗೆ ಆರು ಕೈಗಳು. ಎರಡು ಹೆಗಲ ಮೇಲಿಂದ ಇಳಿಯುತ್ತವೆ, ಎರಡು ಸೊಂಟ ಸುತ್ತುತ್ತವೆ, ಎರಡು ತೊಡೆಗಳ ನಡುವಿನಿಂದ ಏರಿಬರುತ್ತವೆ. ಆರೂ ಹೊಟ್ಟೆಯ ಮೇಲಿನ ಒಂದು ಬಿಲ್ಲೆಯಲ್ಲಿ ಸೇರುತ್ತವೆ. ಬಿಲ್ಲೆ ತಿರುಗಿಸಿದರೆ ಎಲ್ಲವೂ ಒಟ್ಟಿಗೆ ಬಿಟ್ಟುಕೊಳ್ಳುತ್ತವೆ. ಬಿಡುವುದು ಅಷ್ಟು ಸುಲಭ. ಹಿಡಿಯುವುದೇ ಪ್ರಾಣಸಂಕಟ.

ಇಟಲಿಯ ಒಂದು ಕಾರ್ಖಾನೆಯಲ್ಲಿ ನನ್ನನ್ನು ಹೆಣೆದರು. ನೀಲಿ ಬಣ್ಣ ಕೊಟ್ಟರು, ಒಂದರ ಮೇಲೊಂದು ಹೊಲಿಗೆ ಹಾಕಿದರು. ಕೊನೆಗೆ ಒಂದು ಚೀಟಿಯನ್ನೂ ಹೊಲಿದರು. ನಾನು ಯಾವ ವರ್ಷದವರೆಗೆ ಬದುಕಿರಬಹುದು ಎಂಬುದು ಅದರಲ್ಲಿ ಅಚ್ಚಾಗಿತ್ತು. ಹುಟ್ಟಿದ ದಿನವೇ ಸಾಯುವ ವರ್ಷವನ್ನು ಮೈಗೆ ಹೊಲಿಸಿಕೊಂಡವನಿಗೆ ಹೆದರಿಕೆಯನ್ನು ಬೇರೆಯವರು ಕಲಿಸಬೇಕೇ? ಅದೇ ದಿನ ನನ್ನ ಜೊತೆಯ ಒಂದು ಬೆಲ್ಟನ್ನು ಕಬ್ಬಿಣದ ಬೊಂಬೆಗೆ ಕಟ್ಟಿ, ಬೊಂಬೆ ಕೂತ ಸೀಟನ್ನು ವೇಗವಾಗಿ ಓಡಿಸಿ ಗೋಡೆಗೆ ಗುದ್ದಿಸಿದರು. ಅದು ಬಿಡದೆ ಹಿಡಿಯಿತು. ಬಿಳಿ ಕೋಟಿನವರು ಖುಷಿಯಿಂದ ತಲೆಯಾಡಿಸಿದರು. ಆಮೇಲೆ ಅದನ್ನು ತೆಗೆದು ಕಸದ ಡಬ್ಬಿಗೆ ಎಸೆದರು. ಹಿಡಿದದ್ದಕ್ಕೆ ಇದೇ ಮರ್ಯಾದೆಯೇ ಎಂದು ನನ್ನ ಮೈ ಉರಿಯಿತು. ಅವರು ಮಾಡಿದ್ದೇ ಸರಿ ಎಂದು ತಿಳಿಯುವಷ್ಟು ಬುದ್ಧಿ ಆಗ ನನಗಿರಲಿಲ್ಲ.

ನನ್ನನ್ನು ಮೊದಲು ಕೊಂಡವನು ಒಬ್ಬ ಸ್ವೀಡನ್ನಿನ ಮುದುಕ. ನಿಧಾನವಾಗಿ ಓಡಿಸುತ್ತಿದ್ದ, ಕೊನೆಯಲ್ಲಿ ಬರುತ್ತಿದ್ದ, ನಗುತ್ತ ಇಳಿದು ಕಾಫಿ ಕುಡಿಯುತ್ತಿದ್ದ. ಅವನ ಎದೆ ಒಂದು ದಿನವೂ ಜೋರಾಗಿ ಬಡಿಯಲಿಲ್ಲ. ನನ್ನ ಬದುಕಿನಲ್ಲಿ ನೆಮ್ಮದಿ ಎಂಬುದಿದ್ದರೆ ಅದು ಅಷ್ಟೇ. ಅವನ ಹೆಂಡತಿ ಸಾಕು ಎಂದಳು. ಅವನು ಕಾರು ಮಾರಿದ. ಕಾರಿನ ಜೊತೆ ನಾನೂ ಮಂಗಳೂರಿನವರ ಕೈಗೆ ಬಂದೆ.

ರ‍್ಯಾಲಿಕ್ರಾಸ್ ರೇಸಿಗೆಂದು ಯುರೋಪಿಗೆ ಬಂದಿದ್ದ ಅವರು ಮೂರೇ ಜನ. ಕಾರು ಓಡಿಸುವವಳು ಲವೀಟಾ ಪಿಂಟೊ. ಅವಳ ಅಣ್ಣ ನೆಲ್ಸನ್ ತಂಡದ ಯಜಮಾನ. ರೇಸಿನ ಹೊತ್ತಿಗೆ ಎತ್ತರದ ಅಟ್ಟದ ಮೇಲೆ ನಿಂತು ತಂಗಿಗೆ ರೇಡಿಯೊದಲ್ಲಿ ದಾರಿ ಹೇಳುವವನೂ ಅವನೇ. ಮೆಕ್ಯಾನಿಕ್ ಇಸುಬಾಕ, ಬಂದರಿನ ಹತ್ತಿರ ಗ್ಯಾರೇಜು ಇಟ್ಟಿದ್ದ ಬ್ಯಾರಿ ಮುಸಲ್ಮಾನ; ಊರಿನ ರೂಢಿಯಂತೆ ಲವೀಟಾಳನ್ನು ಬಾಯಮ್ಮ ಎನ್ನುತ್ತಿದ್ದ. ಅಣ್ಣ ತಂಗಿಯ ಮನೆಮಾತು ಕೊಂಕಣಿ. ಮೂವರು ಸೇರಿದರೆ ಕನ್ನಡ. ರೇಡಿಯೊದಲ್ಲೂ ಕನ್ನಡವೇ. ಬೇರೆ ತಂಡದವರು ಕದ್ದು ಕೇಳಿದರೆ ತಲೆ ಕೆರೆದುಕೊಳ್ಳಲಿ ಎಂದು.

ರ‍್ಯಾಲಿಕ್ರಾಸ್ ಎಂದರೆ ಹುಚ್ಚರ ಆಟ. ಸಣ್ಣ ಸುತ್ತು, ಅರ್ಧ ಡಾಂಬರು, ಅರ್ಧ ಮಣ್ಣು. ಐದು ಕಾರುಗಳು ಪಕ್ಕಪಕ್ಕ ನಿಂತು ಒಟ್ಟಿಗೆ ಹೊರಡುತ್ತವೆ. ಮೊದಲ ತಿರುವಿನಲ್ಲಿ ಇಬ್ಬರಿಗೆ ಮಾತ್ರ ಜಾಗ, ಬಂದು ನುಗ್ಗುವವರು ಐದು ಜನ. ಗುದ್ದಿಕೊಳ್ಳದೆ ಇರುವುದು ಸಾಧ್ಯವೇ ಇಲ್ಲ. ಪ್ರತಿಯೊಬ್ಬನೂ ಒಂದು ಸಲ ಉದ್ದದ ಬಳಸುದಾರಿಯಲ್ಲಿ ಹೋಗಿಬರಬೇಕು. ಅದಕ್ಕೆ ಜೋಕರ್ ಎನ್ನುತ್ತಾರೆ. ಯಾವಾಗ ಹೋಗಬೇಕೆಂದು ನೆಲ್ಸನ್ ಕೂಗಿ ಹೇಳುತ್ತಿದ್ದ. ಜನ ಗುಡ್ಡದ ಮೇಲೆ ಕುಳಿತು ಬಿಯರ್ ಕುಡಿಯುತ್ತ, ಯಾರಾದರೂ ಮಗುಚಲಿ ಎಂದು ಕಾಯುತ್ತಿರುತ್ತಾರೆ. ಅವರನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ.

ಮೊದಲ ರೇಸು ಪೋರ್ಚುಗಲ್ಲಿನಲ್ಲಿ. ಇಸುಬಾಕ ಕಾರಿನೊಳಗೆ ಅರ್ಧ ತೂರಿ, ಮೊಣಕಾಲನ್ನು ಸೀಟಿಗೆ ಒತ್ತಿ, ನನ್ನ ಹೆಗಲ ಪಟ್ಟಿಗಳನ್ನು ಎಳೆದ.

"ಉಸಿರಾಡ್ಲಿಕ್ಕೆ ಆಗ್ತದಾ ಬಾಯಮ್ಮ?"

"ಆಗ್ತದೆ."

"ಹಾಗಾದ್ರೆ ಸಾಲದು," ಎಂದು ಇನ್ನೊಮ್ಮೆ ಎಳೆದ.

ಎಳೆದು ಉಳಿದ ತುದಿಗೆ ಅವನು ಬಾಲ ಎನ್ನುತ್ತಿದ್ದ. ನನ್ನ ಬಾಲ ಸರಿಯಾಗಿ ಬಿಲ್ಲೆಯ ಮೇಲಂಚಿಗೆ ಬಂದು ನಿಲ್ಲುತ್ತಿತ್ತು. ಅದನ್ನು ಮಡಚಿ ಸಿಕ್ಕಿಸಿ, ಅವಳ ಹೆಲ್ಮೆಟ್ಟಿಗೆ ಒಂದು ತಟ್ಟಿ ಹೊರಗೆ ಸರಿಯುತ್ತಿದ್ದ. ಆಮೇಲೆ ಒಳಗೆ ಉಳಿಯುವವರು ನಾವಿಬ್ಬರೇ. ಹೊರಗೆ ಅವಳು ಎಲ್ಲರಿಗೂ ಹಲ್ಲು ಕಿಸಿಯುತ್ತಿದ್ದಳು. ಎದೆಯ ಮೇಲೆ ಅಡ್ಡ ಬಿದ್ದಿದ್ದ ನನಗೆ ಮಾತ್ರ ಗೊತ್ತು, ದೀಪ ಹಸಿರಾಗುವ ಮೊದಲು ಒಳಗೆ ಏನು ನಡೆಯುತ್ತಿತ್ತೆಂದು. ಬಲೆಯಿಂದ ದೋಣಿಗೆ ಬಿದ್ದ ಮೀನಿನಂತೆ ಆ ಹೃದಯ ಒದ್ದಾಡುತ್ತಿತ್ತು. ಅವಳ ಭಯ, ನನ್ನ ಭಯ ಎರಡೂ ಒಂದೇ ತಾಳದಲ್ಲಿ.

ಸ್ವೀಡನ್ನಿನ ರೇಸಿನಲ್ಲಿ ಅದು ಆಯಿತು. ಮೊದಲ ತಿರುವಿಗೆ ಅವಳು ಮುಂದಿದ್ದಳು. ಹಿಂದಿನವನು ಬ್ರೇಕು ಹಾಕಲೇ ಇಲ್ಲ. ಅವಳ ಕಾರನ್ನೇ ಬ್ರೇಕು ಮಾಡಿಕೊಂಡ. ನಾವು ಎದ್ದೆವು. ಆಕಾಶ, ಮಣ್ಣು, ಆಕಾಶ, ಮಣ್ಣು. ಎಷ್ಟು ಸಲ ಎಂದು ಎಣಿಸಲು ಬಿಡುವಿರಲಿಲ್ಲ. ಅವಳ ಭಾರವೆಲ್ಲ ಆನೆಯ ಭಾರವಾಗಿ ನನ್ನ ಹೆಗಲಿಗೆ ಬಂತು. ಹಿಡಿದೆ. ನನ್ನೊಳಗೆ ಎಳೆಎಳೆಯಾಗಿ ಏನೋ ಜಗ್ಗಿತು, ಕಿತ್ತಿತು, ಮತ್ತೆ ಮೊದಲಿನ ಜಾಗಕ್ಕೆ ಬರಲಿಲ್ಲ. ಕಾರು ತಲೆಕೆಳಗಾಗಿ ನಿಂತಿತು. ಅವಳು ನನ್ನಲ್ಲಿ ತೂಗಾಡುತ್ತಿದ್ದಳು. ಗುಡ್ಡದ ಮೇಲಿನವರು ಚಪ್ಪಾಳೆ ತಟ್ಟುತ್ತಿದ್ದರು.

ಅವಳಿಗೆ ಒಂದು ಗೀರೂ ಆಗಲಿಲ್ಲ. ನನಗೂ ಹೊರಗೆ ಏನೂ ಕಾಣುತ್ತಿರಲಿಲ್ಲ. ನನ್ನ ಗ್ರಹಚಾರ ಅಲ್ಲೇ ಇತ್ತು. ಕಾರಿನ ಎಲುಬು ನೇರ ಮಾಡಿದರು, ಬಾಗಿಲು ಬದಲಿಸಿದರು, ಗಾಜು ಕೂರಿಸಿದರು. ಇಸುಬಾಕ ಸ್ಪ್ಯಾನರ್ ಹಿಡಿದು ನನ್ನನ್ನು ಬಿಚ್ಚಲು ಬಂದ. ಲಾರಿಯಲ್ಲಿ ಹೊಸ ಬೆಲ್ಟು ಇತ್ತು.

"ಅದನ್ನು ಮುಟ್ಟಬೇಡಿ," ಎಂದಳು ಲವೀಟಾ.

"ಪಲ್ಟಿ ಆದ ಮೇಲೆ ಬೆಲ್ಟು ಬದಲು ಮಾಡುದು ಕ್ರಮ ಬಾಯಮ್ಮ."

"ನನ್ನನ್ನು ಉಳಿಸಿದ್ದು ಇದು. ಇದನ್ನು ತೆಗೆದ್ರೆ ನಾನು ಕೂತ್ಕೊಳ್ಳುದಿಲ್ಲ, ನೀವೇ ಓಡಿಸಿ."

"ನಾನು ಓಡಿಸಿದ್ರೆ ಜೋಕರಲ್ಲೇ ಸುತ್ತುತ್ತಾ ಇರ್ತೇನೆ," ಎಂದ ಇಸುಬಾಕ. ಯಾರೂ ನಗಲಿಲ್ಲ.

ನೆಲ್ಸನ್ ನನ್ನ ಚೀಟಿ ಓದಿದ. "ವರ್ಷ ಇನ್ನೂ ಉಂಟಲ್ಲ. ಬಿಡಿ ಇಸುಬಾಕ, ಅವಳಿಗೆ ಧೈರ್ಯ ಬರ್ತದಾದ್ರೆ ಇರ್ಲಿ."

ತಪಾಸಣೆಯ ಅಧಿಕಾರಿ ಬಂದ. ಅವನೂ ಚೀಟಿ ಓದಿದ, ಒಮ್ಮೆ ಜಗ್ಗಿದ, ಸಹಿ ಹಾಕಿ ಹೋದ. ಚೀಟಿ, ಚೀಟಿ, ಚೀಟಿ! ಮೈ ಹರಿದವನ ಮುಂದೆ ನಿಂತು ಅಂಗಿಯ ಅಳತೆ ಓದುವ ಜನ. ನನಗೆ ಬಾಯಿದ್ದಿದ್ದರೆ ಅವತ್ತು ಮೂವರಿಗೂ ಮಂಗಳಾರತಿ ಎತ್ತುತ್ತಿದ್ದೆ. ಬಾಯಿರಲಿಲ್ಲ, ಬಾಲ ಮಾತ್ರ ಇತ್ತು.

ಅಲ್ಲಿಂದ ಮುಂದೆ ಅವಳು ಬದಲಾದಳು. ಕೂರುವ ಮೊದಲು ನನ್ನನ್ನು ಬೆರಳಿನಿಂದ ಮುಟ್ಟಿ ಶಿಲುಬೆಯ ಗುರುತು ಹಾಕುತ್ತಿದ್ದಳು. ಮೊದಲ ತಿರುವಿಗೆ ಆಕ್ಸಿಲರೇಟರಿನಿಂದ ಕಾಲು ತೆಗೆಯದೆ ನುಗ್ಗುತ್ತಿದ್ದಳು. ಅವಳ ಎದೆ ತಣ್ಣಗೆ, ಸಮವಾಗಿ ಬಡಿಯುತ್ತಿತ್ತು. ಹೆದರಿಕೆಯನ್ನೆಲ್ಲ ನನ್ನ ಮೇಲೆ ಹಾಕಿ ತಾನು ಹಗುರಾಗಿದ್ದಳು. ಇನ್ನೊಂದು ಅಂಥ ಪೆಟ್ಟು ಬಿದ್ದರೆ ನಾನು ಹಿಡಿಯಲಾರೆ ಎಂದು ಅವಳಿಗೆ ಹೇಳುವವರಾರು? ಲಾಟ್ವಿಯಾದಲ್ಲಿ ಮೂರನೆಯವಳಾದಳು. ಬೆಲ್ಜಿಯಮ್ಮಿನಲ್ಲಿ ಗೆದ್ದಳು. ಜನ ಅವಳನ್ನು ಎತ್ತಿ ಕುಣಿಸುವಾಗ ನಾನು ಖಾಲಿ ಸೀಟಿನ ಮೇಲೆ ಬಿದ್ದುಕೊಂಡು ನಡುಗುತ್ತಿದ್ದೆ.

ಇಸುಬಾಕನ ಕಣ್ಣಿಗೆ ಒಂದು ಸಂಗತಿ ಬಿದ್ದಿತ್ತು. ಲಾಟ್ವಿಯಾದಲ್ಲಿ ನನ್ನನ್ನು ಎಳೆದಾಗ ಬಾಲ ಬಿಲ್ಲೆಯನ್ನೂ ದಾಟಿ ಕೆಳಗೆ ಇಳಿಯಿತು. ಅವನು ಬಾಲ ನೋಡಿದ, ಅವಳ ಮುಖ ನೋಡಿದ.

"ಎಂತ ಬಾಯಮ್ಮ, ಇಷ್ಟು ಸಣ್ಣ ಆಗಿದ್ದೀರಿ? ಊಟ ಮಾಡುದಿಲ್ವಾ?"

"ಬ್ರೆಡ್ಡು ತಿಂದು ತಿಂದು ಸಾಕಾಗಿದೆ ಇಸುಬಾಕ."

ಸರಿ, ಅವನು ಅಡುಗೆಗೆ ಇಳಿದ. ಕಾರು ರಿಪೇರಿ ಮಾಡುವ ಪಿಟ್ಟಿನ ಡೇರೆಯ ಹಿಂದೆ ಸಣ್ಣ ಸ್ಟವ್ ಹಚ್ಚಿ, ಊರಿಂದ ತಂದ ಕುಚ್ಚಲಕ್ಕಿಯ ಗಂಜಿ ಇಟ್ಟ. ಎಲ್ಲಿಂದಲೋ ಬಂಗುಡೆ ಮೀನು ಹುಡುಕಿ ತಂದು ಹುಳಿಖಾರದ ಪುಳಿಮುಂಚಿ ಮಾಡಿದ. ಪಕ್ಕದ ಡೇರೆಯ ಫ್ರೆಂಚರು ಮೂಗು ಹಿಡಿದು ಬಂದು, ತಟ್ಟೆ ಹಿಡಿದು ಹೋದರು. ಅವಳು ಎರಡೆರಡು ಸಲ ಬಡಿಸಿಕೊಂಡಳು. ಆದರೂ ಪ್ರತಿ ರೇಸಿನಲ್ಲಿ ನನ್ನ ಬಾಲ ಹಾಗೇ ಇಳಿಬಿದ್ದಿರುತ್ತಿತ್ತು. "ತಿಂದದ್ದು ಮೈಗೆ ಹಿಡಿಯುದಿಲ್ಲ ಇವರಿಗೆ, ಚಿಂತೆ ಜಾಸ್ತಿ," ಎಂದು ಇಸುಬಾಕ ಇನ್ನೂ ನಾಲ್ಕು ಬಂಗುಡೆ ಹುರಿಯುತ್ತಿದ್ದ. ನಾನು ಬಾಲದಿಂದ ಕೂಗುತ್ತಿದ್ದೆ. ಅವನು ಅದಕ್ಕೆ ಮೀನು ಹಾಕುತ್ತಿದ್ದ.

ಕೊನೆಯ ರೇಸು ಜರ್ಮನಿಯಲ್ಲಿ. ಬೆಳಗಿನ ಸುತ್ತು ಮುಗಿದಿತ್ತು, ಮಧ್ಯಾಹ್ನ ಫೈನಲ್. ಲವೀಟಾ ಡೇರೆಯೊಳಗೆ ರೇಸಿನ ಅಂಗಿಯ ಜೊತೆ ಕುಸ್ತಿ ಮಾಡುತ್ತಿದ್ದಳು.

"ನಿಮ್ಮ ಪುಳಿಮುಂಚಿಯ ಉಪದ್ರ ನೋಡಿ. ಜಿಪ್ಪು ಮೇಲೆ ಹೋಗುದಿಲ್ಲ."

"ಬೆಳಿಗ್ಗೆ ಹೋಗಿತ್ತಲ್ಲ?"

"ಉಸಿರು ಕಟ್ಟಿ ಎಳೆದದ್ದು. ಬೆಲ್ಜಿಯಮ್ಮಿಂದಲೇ ಬಿಗಿ. ನಾಲ್ಕು ಕಿಲೊ ಏರಿದ್ದೇನೆ ಮಾರಾಯ್ರೆ."

ಇಸುಬಾಕನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅವನು ಕಾರಿನ ಹತ್ತಿರ ಬಂದು ನನ್ನ ಬಾಲ ಹಿಡಿದು ನೋಡಿದ. ದಪ್ಪ ಆದವಳಿಗೆ ಬಾಲ ಗಿಡ್ಡ ಆಗಬೇಕು. ಇದು ಉದ್ದ. ಅವನ ಮುಖದ ಬಣ್ಣ ಇಳಿಯಿತು. ಓಡಿಹೋಗಿ ಸ್ಪ್ಯಾನರ್ ತಂದು ನನ್ನನ್ನು ಬಿಚ್ಚಿದ.

"ಯಾರನ್ನು ಕೇಳಿ ತೆಗೆದದ್ದು?" ಲವೀಟಾ ಓಡಿಬಂದಳು.

"ಬನ್ನಿ ಇಲ್ಲಿ."

ಅವನು ಲಾರಿಯ ಹಲಗೆಯ ಮೇಲೆ ನನ್ನನ್ನೂ ಹೊಸ ಬೆಲ್ಟನ್ನೂ ಪಕ್ಕಪಕ್ಕ ಹಾಸಿದ. ಒಂದೇ ಕಾರ್ಖಾನೆ, ಒಂದೇ ಅಳತೆ. ಮೇಲಿನ ಕೊಂಡಿಗಳನ್ನು ಸೇರಿಸಿ ಹಿಡಿದ. ಹೊಸದು ಮುಗಿದಲ್ಲಿ ನಾನು ಮುಗಿಯಲಿಲ್ಲ. ಅಂಗೈ ಅಗಲದಷ್ಟು ಮುಂದೆ ಹೋಗಿದ್ದೆ. ನನ್ನ ನಾಚಿಕೆಯೆಲ್ಲ ಬಟ್ಟೆ ಬಿಚ್ಚಿ ಮಲಗಿದಂತಿತ್ತು.

"ನೀವು ಸಣ್ಣ ಆದದ್ದಲ್ಲ ಬಾಯಮ್ಮ. ಇದು ಉದ್ದ ಆದದ್ದು. ನಾನು ಮರ್ಲ, ತಲೆ ಸಮ ಇಲ್ಲದವ, ಗಂಜಿ ಬೇಯಿಸ್ತಾ ಕೂತೆ."

ಅವಳು ಹೆಚ್ಚಾದ ತುದಿಯ ಮೇಲೆ ಅಂಗೈ ಇಟ್ಟು ಅಳೆದಳು. "ಬೆಲ್ಜಿಯಮ್ಮಿನಲ್ಲಿ ನಾನು ಕಾಲು ತೆಗೆಯದೆ ಹೋದದ್ದು ಇದರಲ್ಲಾ?"

"ಹ್ಞೂಂ."

"ಇವತ್ತು ಬೆಳಿಗ್ಗೆ ಕೂಡ?"

ಇಸುಬಾಕ ಹೌದೆಂದು ತಲೆಯಾಡಿಸಿದ. ಬೇರೆ ಯಾರೂ ಗೊತ್ತಿಲ್ಲದೆ ಕಟ್ಟಬಾರದು, ಇದನ್ನು ಕತ್ತರಿಸಲೇಬೇಕು ಎಂದು ದೊಡ್ಡ ಕತ್ತರಿ ತೆಗೆದ. ಅವಳು ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ನನ್ನ ಪಟ್ಟಿ ದಪ್ಪ. ಕತ್ತರಿ ಅಗಿದು ಅಗಿದು ಕಚ್ಚಿತು. ಅವಳು ಎರಡೂ ಕೈ ಹಾಕಿ ಒತ್ತಿದಳು. ಹುಟ್ಟಿದಾಗಿನಿಂದ ಹೆದರುತ್ತಿದ್ದ ಸಾವು ಕೊನೆಗೂ ಬಂದಿತ್ತು. ಬರಲಿ, ಬೇಗ ಬರಲಿ ಎಂದು ಬೇಡಿಕೊಂಡೆ.

ಆದರೆ ನಿಜವಾದ ಭಯ ಆಮೇಲಿನದು. ನಾನು ಹಳೆಯ ಟೈರುಗಳ ಮೇಲೆ ಬಿದ್ದಿದ್ದೆ. ಅವಳು ಹೊಸ ಬೆಲ್ಟಿನೊಳಗೆ ಕುಳಿತು ಹೋದಳು. ಅವಳ ಎದೆ ಹೇಗೆ ಬಡಿಯುತ್ತಿದೆಯೆಂದು ಮೊದಲ ಸಲ ನನಗೆ ತಿಳಿಯಲಿಲ್ಲ. ಪಿಟ್ಟಿನ ರೇಡಿಯೊದಲ್ಲಿ ನೆಲ್ಸನ್‌ನ ದನಿ ಮಾತ್ರ.

"ದೀಪ ಬಂತು... ಹೋಗು, ಹೋಗು! ಏ, ಎಂತ ಮಾಡ್ತಿದ್ದಿ? ಕಾಲು ಯಾಕೆ ತೆಗೆದದ್ದು?"

ಆಮೇಲೆ ತಗಡು ತಗಡಿಗೆ ಬಡಿಯುವ ಸದ್ದು ಪಿಟ್ಟಿನವರೆಗೂ ಕೇಳಿತು. ಇಸುಬಾಕ ಕಣ್ಣು ಮುಚ್ಚಿದ. ರೇಡಿಯೊ ಸತ್ತಂತೆ ಸುಮ್ಮನಿತ್ತು. ನಾನು ತುಂಡಾಗಿ ಬಿದ್ದಲ್ಲೇ ಏನನ್ನೋ ಹಿಡಿಯಲು ಹೊರಟೆ. ಹಿಡಿಯಲು ಏನಿತ್ತು?

"ನಿನ್ನ ಮುಂದಿದ್ದ ಮೂರು ಕಾರು ಮಗುಚಿದೆ," ನೆಲ್ಸನ್ ಉಸಿರು ಬಿಟ್ಟ. "ನೀನು ಹೊರಗಿಂದ ದಾಟಿದಿ. ಎರಡನೆಯವಳಾಗಿದ್ದಿ. ಲವೀ, ಕೇಳ್ತದಾ? ಹೆದರಿದ್ಯಾ?"

ಅವಳ ದನಿ ಗರಗರ ಬಂತು. "ಹೌದು. ಹೆದರಿದೆ."

ಎರಡನೆಯವಳಾಗಿಯೇ ಮುಗಿಸಿದಳು. ಸಂಜೆ ಸಾಮಾನು ಕಟ್ಟುವಾಗ ನೆಲ್ಸನ್ ನನ್ನ ತುಂಡುಗಳನ್ನು ಬೂಟಿನಿಂದ ಸರಿಸಿದ. "ಎಂತ ಆಯ್ತು ಈಗ? ಒಂದು ಗುದ್ದು ಸಹ ಬೀಳ್ಲಿಲ್ಲ. ಹಳೆಯದೇ ಸಾಕಿತ್ತು." ಇಂಥವರ ಜೊತೆ ವಾದ ಮಾಡುವುದು ಹೇಗೆ ಹೇಳಿ. ಆಗದೆ ಹೋದದ್ದು ಯಾರ ಕಣ್ಣಿಗೂ ಕಾಣುವುದಿಲ್ಲ. ಇಸುಬಾಕ ಬಾಗಿ ನನ್ನನ್ನು ಹೆಕ್ಕಿ ತನ್ನ ಚೀಲಕ್ಕೆ ಹಾಕಿಕೊಂಡ.

ಈಗ ನಾನು ಅವನ ಮನೆಯಲ್ಲಿದ್ದೇನೆ. ಬಂದ ಹೊಸದರಲ್ಲಿ ಅವನ ಮಗಳು ಹೆರಿಗೆಗೆ ಬಂದು ಬಾಣಂತಿಯಾಗಿದ್ದಳು. ಹೊರಗಿನ ಕೋಣೆಯಲ್ಲಿ ನನ್ನ ಉದ್ದದ ತುಂಡು ಅವಳ ಕಣ್ಣಿಗೆ ಬಿತ್ತು. "ಉಮ್ಮಾ, ಫಾರಿನ್ ಬೆಲ್ಟು, ಎಷ್ಟು ಗಟ್ಟಿ ಉಂಟು ನೋಡಿ. ತೊಟ್ಟಿಲು ಕಟ್ಟುವ," ಎಂದು ತಾಯಿಗೆ ಹೇಳಿದಳು. ಸ್ಟೂಲು ಹತ್ತಿ ನನ್ನನ್ನು ಜಂತಿಗೆ ಸುತ್ತಿಯೂ ಆಯಿತು. ಕೆಳಗೆ ಮಗು, ಇಷ್ಟೇ ಇಷ್ಟು, ಕಣ್ಣು ಸಹ ಸರಿಯಾಗಿ ಬಿಟ್ಟಿರಲಿಲ್ಲ. ಮತ್ತೆ ಯಾರೋ ನನ್ನನ್ನು ನಂಬಿದ್ದರು. ಸ್ವೀಡನ್ನಿನಲ್ಲೂ ನಾನು ಹಾಗೆ ನಡುಗಿರಲಿಲ್ಲ.

ಗ್ಯಾರೇಜಿನಿಂದ ಊಟಕ್ಕೆ ಬಂದ ಇಸುಬಾಕ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ಗಂಟು ಬಿಚ್ಚಿದ.

"ಎಂತ ಬಾಪ, ಅಷ್ಟು ಗಟ್ಟಿಯದ್ದು," ಎಂದಳು ಮಗಳು.

"ಗಟ್ಟಿ ಇತ್ತು. ಅದು ಒಂದು ಸಲ ಹಿಡಿದಾಗಿದೆ. ಇನ್ನು ಅದರ ಹತ್ರ ಕೇಳಬಾರದು."

ನನ್ನ ಬಗ್ಗೆ ಯಾರಾದರೂ ಸರಿಯಾಗಿ ಮಾತಾಡಿದ್ದರೆ ಅದೊಂದೇ ಮಾತು.

ಅವನು ನನ್ನನ್ನು ಹಿತ್ತಿಲಿಗೆ ತಂದು, ನನ್ನಿಂದ ಬಸಳೆಯ ಬಳ್ಳಿಯನ್ನು ಚಪ್ಪರದ ಕಂಬಕ್ಕೆ ಕಟ್ಟಿದ. ಬಿಸಿಲಿಗೆ ನನ್ನ ನೀಲಿ ಬಣ್ಣ ಹೋಗುತ್ತಿದೆ, ಎಳೆಗಳು ಪುಡಿಯಾಗುತ್ತಿವೆ. ಬಳ್ಳಿಗೆ ಭಾರವಿಲ್ಲ, ನಾನು ಬಿಟ್ಟರೂ ಅದು ನೆಲದ ಮೇಲೆ ಹಬ್ಬಿಕೊಳ್ಳುತ್ತದೆ, ಯಾರೂ ಸಾಯುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತು. ಆದರೂ ಕಡಲ ಕಡೆಯಿಂದ ಗಾಳಿ ಎದ್ದು ಬಳ್ಳಿ ಒಮ್ಮೆ ಜಗ್ಗಿದರೆ ಸಾಕು, ಉಳಿದಿರುವ ನಾಲ್ಕು ಎಳೆಗಳಿಂದ ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ.