ಒಳಗೆ ಬಿಟ್ಟ ಬಟ್ಟೆ

ಅಧಿಕಾರಿ ಸೈನಿಕರ ಪ್ಯಾಂಟೊಂದನ್ನು ಮೇಜಿನ ಮೇಲೆ ಒಳಮಗ್ಗುಲು ಹೊರಗಾಗುವಂತೆ ತಿರುವಿ ಹಾಕಿ, ಕಾಲಿನ ತುದಿಯ ಮಡಿಕೆಯನ್ನು ಎತ್ತಿ ಹಿಡಿದ. ಒಳಗೆ ನಾಲ್ಕು ಬೆರಳಗಲ ಬಟ್ಟೆ.

“ಇದೇನಮ್ಮ? ಇಷ್ಟೊಂದು ಬಟ್ಟೆ ಯಾಕೆ ಒಳಗೆ ಬಿಟ್ಟಿದ್ದೀರಿ?”

“ಚಿಕ್ಕ ಸೈಜಲ್ವಾ ಸಾರ್, ಬೆಳೆಯೋ ಹುಡುಗ್ರು. ಆಮೇಲೆ ಬಿಚ್ಚಿ ಉದ್ದ ಮಾಡ್ಕೊಳ್ಳಲಿ ಅಂತ,” ಎಂದಳು ಹೊಲಿಗೆಯ ಉಸ್ತುವಾರಿಯ ಹೆಂಗಸು. ಶೆಡ್ಡಿನವರಿಗೆಲ್ಲ ಅವಳು ದೊಡ್ಡಕ್ಕ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಅಧಿಕಾರಿ ನಕ್ಕುಬಿಟ್ಟ. “ಇದು ಸ್ಕೂಲಲ್ಲಮ್ಮ. ಅಷ್ಟು ದಿನ ಯಾರು ಹಾಕ್ಕೋತಾರೆ ಇದನ್ನ? ಮುನ್ನೂರನ್ನೂ ಬಿಚ್ಚಿ, ಕತ್ತರಿಸಿ, ಮತ್ತೆ ಹೊಲಿಯಿರಿ. ನಾಳೆ ಲಾರಿ ಬರುತ್ತೆ.”

ಇಪ್ಪತ್ತು ವರ್ಷ ಆ ಶೆಡ್ಡಿನಲ್ಲಿ ಶಾಲೆಯ ಸಮವಸ್ತ್ರ ಹೊಲಿದ ಕೈ ಅವಳದು. ಒಳಗಿಷ್ಟು ಬಟ್ಟೆ ಬಿಡದೆ ಆ ಕೈಗೆ ಸಮಾಧಾನವಿರಲಿಲ್ಲ. ಹೋದ ವರ್ಷ ಆರ್ಡರುಗಳು ನಿಂತು ಇನ್ನೇನು ಬೀಗ ಬೀಳುವುದರಲ್ಲಿತ್ತು. ಸಮುದ್ರದಾಚೆ ಆಗಲೇ ಯಾರೋ ಎರಡು ದೇಶಗಳ ನಡುವೆ ಯುದ್ಧ ನಡೆದಿತ್ತು. ‘ನಮಗೂ ಅದಕ್ಕೂ ಸಂಬಂಧವಿಲ್ಲ’ ಎಂದು ಎಂಟು ತಿಂಗಳು ಸುಮ್ಮನಿದ್ದ ಸರ್ಕಾರಕ್ಕೆ, ದೊಡ್ಡ ದೇಶವೊಂದು ಅಗ್ಗದ ಎಣ್ಣೆ ಕೊಡುತ್ತೇನೆಂದ ಮರುದಿನವೇ ನ್ಯಾಯ ಅನ್ಯಾಯ ಎಲ್ಲ ಕಣ್ಣಿಗೆ ಕಂಡವು; ಅದೂ ಯುದ್ಧಕ್ಕೆ ಹೊರಟಿತು. ಸರ್ಕಾರವೊಂದನ್ನೇ ಬೈದು ಪ್ರಯೋಜನವೇನು? ಸೇನೆಯ ಬಟ್ಟೆಯ ಆರ್ಡರು ನಮಗೇ ಸಿಗುತ್ತದೆಂದು ಶೆಡ್ಡಿನ ಮಾಲೀಕ ಯುದ್ಧ ಬೆಂಬಲಿಸುವ ಮನವಿ ತಂದಾಗ ಮೊದಲ ಸಹಿ ದೊಡ್ಡಕ್ಕನದೇ. ಉಳಿದವರ ಕೈಗೆ ಪೆನ್ನು ಹಿಡಿಸಿದವಳೂ ಅವಳೇ.

ಗುಂಡಿ ಹೊಲಿಯುವವಳೊಬ್ಬಳು ಮಾತ್ರ ಪೆನ್ನು ಮುಟ್ಟಲಿಲ್ಲ. “ಬಟ್ಟೆ ಹೊಲಿದ್ರೆ ಸಾಕಾ ಅಕ್ಕಾ? ಹಾಕ್ಕೊಳ್ಳೋಕೆ ಮಕ್ಕಳು ಬೇಡ್ವಾ?”

“ನಿನ್ನ ಮಗನ್ನ ಯಾರೇ ಕರೆದ್ರು? ಸಾಕು, ಸುಮ್ನಿರು,” ಎಂದು ದೊಡ್ಡಕ್ಕ ಎಲ್ಲರೆದುರಿಗೇ ಅವಳ ಬಾಯಿ ಮುಚ್ಚಿಸಿದ್ದಳು.

ಮೂರೇ ತಿಂಗಳಲ್ಲಿ ಕರೆದರು. ಇಪ್ಪತ್ತು ದಾಟಿದ ಹುಡುಗರೆಲ್ಲ ಸೇನೆಗೆ ಬರಬೇಕೆಂದು ಆಜ್ಞೆಯಾಯಿತು. ಗುಂಡಿ ಹೊಲಿಯುವವಳ ಮಗ ಹೋದ.

ದೊಡ್ಡಕ್ಕನ ಮಗನಿಗೆ ಹದಿನೆಂಟು. ಆ ವಯಸ್ಸಿನವರನ್ನು ಹೆತ್ತವರು ಒಪ್ಪಿದರೆ ಮಾತ್ರ ಸೇರಿಸಿಕೊಳ್ಳುತ್ತಿದ್ದರು. ಇವತ್ತು ಬೆಳಿಗ್ಗೆ ಅವನು ಒಪ್ಪಿಗೆ ಪತ್ರವನ್ನು ಅವಳ ತಟ್ಟೆಯ ಪಕ್ಕ ತಂದಿಟ್ಟಿದ್ದ.

“ಸಹಿ ಹಾಕಮ್ಮಾ.”

“ಹಾಕಲ್ಲ.”

“ಊರವರ ಮಕ್ಕಳಿಗೆಲ್ಲ ಮೊದಲು ಹಾಕಿದವಳು ನೀನೇ ಅಲ್ವಾ? ನನ್ನೊಬ್ಬನಿಗೆ ಯಾಕೆ ಆಗಲ್ಲ?”

ಅವಳು ತಟ್ಟೆ ಬಿಟ್ಟು ಎದ್ದಳು. ಪತ್ರವನ್ನು ಹರಿದು ಒಲೆಗೆ ಹಾಕಿ ಕೆಲಸಕ್ಕೆ ಬಂದಿದ್ದಳು. ದಾರಿಯುದ್ದಕ್ಕೂ ನಾಚಿಕೆಯಾಗಿತ್ತು. ನಾಚಿಕೆಗಿಂತ ಹೆಚ್ಚು ನೆಮ್ಮದಿಯಾಗಿತ್ತು, ಅದೂ ಸುಳ್ಳಲ್ಲ.

ಅಧಿಕಾರಿ ಹೋದ ಮೇಲೆ ಪ್ಯಾಂಟುಗಳ ರಾಶಿಯ ಮುಂದೆ ಕೂತಳು. ಗುಂಡಿ ಹೊಲಿಯುವವಳು ಸ್ಟೂಲು ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತು, ಕರೆಯದೆಯೇ ಒಂದು ಕತ್ತರಿ ತೆಗೆದುಕೊಂಡಳು. ಇಬ್ಬರೂ ಬಹಳ ಹೊತ್ತು ದಾರ ಬಿಚ್ಚಿದರು.

“ಮಗಂದು ಏನಾದ್ರೂ ಕಾಗದ ಬಂತೇನೇ?”

“ಎರಡು ತಿಂಗಳಾಯ್ತು ಅಕ್ಕಾ, ಏನೂ ಇಲ್ಲ.” ದಾರ ಎಳೆಯುತ್ತಲೇ ಕೇಳಿದಳು: “ನಿಮ್ಮ ಹುಡುಗ?”

“ಅವನು ಇನ್ನೂ ಬೆಳೆಯೋ ಹುಡುಗ ಕಣೇ.”

ಗುಂಡಿ ಹೊಲಿಯುವವಳು ಮುಂದಿನ ಪ್ಯಾಂಟನ್ನು ತೊಡೆಯ ಮೇಲೆ ಹರಡಿಕೊಂಡು, ಮಡಿಕೆ ಬಿಚ್ಚಿ, ಗುರುತಿನ ಮೇಲೆ ನೇರವಾಗಿ ಕತ್ತರಿಸಿದಳು. ನಾಲ್ಕು ಬೆರಳಗಲದ ಪಟ್ಟಿ ದೊಡ್ಡಕ್ಕನ ಪಾದದ ಮೇಲೆ ಬಿತ್ತು. ಅವಳು ಕಾಲು ಸರಿಸಲಿಲ್ಲ. ಮೇಲಿಂದ ಇನ್ನೊಂದು ಬಿತ್ತು.