ಮೂರು ಹುಣಸೆಯ ಬಾವಿಯ ಹಾಡು

“ಲೇ ಅಮಸಿದ್ದ, ಸೂಳೇಮಗನ! ಕುರಿ ಕಾಯೂದು ಬಿಟ್ಟು ಬುಕ್ಕ ಕಾಯಾಕ ಕುಂತೀಯಲ್ಲ, ಏನ ಕಾದಿ ನೋಡು ಇಲ್ಲೆ!”

ಪಂಚಾಯ್ತಿ ಅಧ್ಯಕ್ಷ ಸಂಗನಗೌಡ ಪುಸ್ತಕವನ್ನು ನನ್ನ ಮುಖಕ್ಕೆ ಎಸೆದ. ಗ್ರಂಥಾಲಯದಲ್ಲಿ ಓದುತ್ತಿದ್ದ ಹುಡುಗಿಯರು ಎದ್ದು ಹೊರಗೆ ಹೋದರು. ಮೇಜಿನ ಕೆಳಗೆ ಬಿದ್ದದ್ದನ್ನು ನಾನು ಬಗ್ಗಿ ಎತ್ತಿಕೊಂಡೆ. ನಮ್ಮ ಕುರುಬರ ದೇವರು ಬೀರಪ್ಪನ ಹಾಡುಗಳ ಪುಸ್ತಕ. ಮುಂದೆ ಡಾ. ರಾಜೇಶ ಸರ್ ಹೆಸರು, ಹಿಂದೆ ಅವರದೇ ಫೋಟೋ. ಒಳಗಿನ ಹಾಡುಗಳೆಲ್ಲ ನನ್ನ ಅವ್ವ ರಂಗವ್ವನವು. ಸರ್ ಬಾಗಲಕೋಟೆಯ ಕಾಲೇಜಿನಿಂದ ಬಂದು, ನಮ್ಮ ಕಟ್ಟೆಯ ಮೇಲೆ ಕೂತು ರೆಕಾರ್ಡ್ ಮಾಡಿಕೊಂಡು ಹೋಗಿದ್ದರು. ಅವ್ವನ ಹೆಸರು ಕೊನೆಯ ಪುಟದಲ್ಲಿ ‘ಸಹಕರಿಸಿದವರು’ ಎಂಬುದರ ಕೆಳಗೆ, ಅವರಿಗೆ ಚಹಾ ತಂದುಕೊಟ್ಟವನ ಹೆಸರಿನ ಜೊತೆ ಇದೆ.

“ಗೌಡನ ಬಾವ್ಯಾಗ ಹುಳ ಬಿದ್ದುವಂತ. ಯಾವ ಗೌಡಲೇ ಅಂವಾ?”

“ಹಾಡಿನ್ಯಾಗ ಹೆಸರಿಲ್ರಿ.”

“ಹೆಸರ್ಯಾಕ ಬೇಕ? ಮೂರು ಹುಣಸಿಗಿಡ ಅದಾವಲ್ಲ!”

ಅದು ನಿಜ. ಬೀರಪ್ಪ ಕುರಿ ಹೊಡೆದುಕೊಂಡು ಬಂದು ನೀರು ಕೇಳಿದ, ಗೌಡ ಬಾಗಿಲು ಹಾಕಿದ, ಬಾವಿಯಲ್ಲಿ ಹುಳ ಬಿದ್ದವು ಎಂಬ ಹಾಡು. ಹಾಡಿನ ಬಾವಿಯ ದಂಡೆಯಲ್ಲಿ ಮೂರು ಹುಣಸೆ ಮರಗಳಿವೆ. ಸಂಗನಗೌಡನ ಬಾವಿಯ ದಂಡೆಯಲ್ಲೂ ಇವೆ. ನಮ್ಮ ಕುರಿಗಳನ್ನು ಕಲ್ಲು ಹೊಡೆದು ಓಡಿಸುತ್ತಿದ್ದ ಬಾವಿ ಅದು. ಈಗ ಅದರ ಸುತ್ತ ತಂತಿ ಬೇಲಿ.

“ನಾಳಿ ಮುಂಜಾನಿ, ಊರ ಮಂದಿ ಮುಂದ, ನಿನ್ನ ಕೈಯಾರೆ ಆ ಹಾಳಿ ಹರೀಬೇಕು. ಇಲ್ಲಾಂದ್ರ ಈ ಕುರ್ಚಿ ನಿಂದಲ್ಲ. ನಿಮ್ಮಪ್ಪನ ಕಂಬಳಿ ಮನ್ಯಾಗ ಐತಿಲ್ಲ? ಹೊತ್ಕೊಂಡು ಅಡವಿಗೆ ನಡಿ.”

ಅವನು ಹೋದ ಮೇಲೂ ನನ್ನ ತಲೆಯಲ್ಲಿ ಒಂದೇ ಮಾತು ಕುದಿಯುತ್ತಿತ್ತು. ಇವನಿಗೆ ಹೇಳಿದವನು ಯಾರು? ಗೌಡ ಪುಸ್ತಕ ಮುಟ್ಟುವವನಲ್ಲ. ಇದನ್ನು ಮನೆಗೆ ಒಯ್ದವನು ಒಬ್ಬನೇ, ನನ್ನ ಕಾಕಾನ ಮಗ ಆನಂದ. ಗೌಡನ ಗಾಡಿ ಓಡಿಸುತ್ತಾನೆ. ಕಮತಗಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವನ ಅಂಗಿಯನ್ನು ಹರಿಯುವ ಹಾಗೆ ಹಿಡಿದು ಎಳೆದೆ.

“ಅವ್ವನ ಹಾಡ ಒಯ್ದು ಗೌಡಗ ಒಪ್ಪಿಸಿದೇನಲೇ, ಭಾಡ್ಯಾ?”

“ಅಣ್ಣಾ, ಅಂಗಿ ಬಿಡು. ಮಗಳಿಗೆ ಓದಿ ಹೇಳಾಕ ಒಯ್ದಿದ್ದೆ.”

“ಮತ್ತ ಯಾರ ಹೇಳಿದ್ರು?”

“ನಂಗೇನ ಗೊತ್ತು? ಗಾಡಿ ಹೊಡಿಯೂದಷ್ಟ ನನ್ನ ಕೆಲಸ.” ಅವನು ಕಣ್ಣು ತಪ್ಪಿಸಿದ. ನಾನು ನಂಬಲಿಲ್ಲ.

ರಾಜೇಶ ಸರ್‌ಗೆ ಫೋನ್ ಮಾಡಿದೆ. ಓದಿದವರ ಒಂದು ಮಾತಿಗೆ ಗೌಡ ತಣ್ಣಗಾದಾನು ಎಂಬ ಆಸೆ.

“ಹರದುಬಿಡ್ರಿ ಅಮಸಿದ್ದಪ್ಪ. ಮುಂದಿನ ಮುದ್ರಣದಾಗ ಆ ನುಡಿ ನಾನ ತಗೀತೇನಿ. ಗೌಡ್ರಿಗೆ ಮಾತು ಕೊಟ್ಟೇನಿ.”

“ನೀವು ಗೌಡ್ರನ್ನ ಯಾವಾಗ ಕಂಡ್ರಿ ಸರ್?”

“ಹೋದ ವಾರ ಅವರ ಮನಿಗೆ ಹೋಗಿದ್ದೆ. ಗೌರವಕ್ಕ ಒಂದು ಪ್ರತಿ ಕೊಟ್ಟೆ. ಶಾಲು ಹೊದಿಸಿದ್ರು, ಪಾಪ. ಇನ್ನೊಂದು ಮಾತು. ನಿಮ್ಮ ಮಗಳು ಸವಿತಾ, ಅಜ್ಜಿ ಹಾಡಿದ್ನ ಮೊಬೈಲಿನ್ಯಾಗ ಹಾಕ್ಯಾಳಲ್ಲ, ಅದನ್ನ ತಗಸ್ರಿ. ಕಾಪಿರೈಟ್ ನಂದೈತಿ. ನಾಳೆ ಪ್ರಕಾಶಕರು ಕೇಸ್ ಹಾಕಿದ್ರ ನನ್ನನ್ನ ಕೇಳಬ್ಯಾಡ್ರಿ.”

ಆನಂದನ ಹರಿದ ಅಂಗಿ ನೆನಪಾಯಿತು. ಆದರೂ ಅವನ ಮೇಲಿನ ಅನುಮಾನ ಪೂರ್ತಿ ಹೋಗಲಿಲ್ಲ. ಗೌಡನ ಅನ್ನ ತಿನ್ನುವವನು ಅವನು.

ಹೊಸ ಪುಸ್ತಕ ಬಂದರೆ ಸೀಲು ಹೊಡೆಯುವುದು ನನ್ನ ಕೆಲಸ. ‘ಅನುಮತಿ ಇಲ್ಲದೆ ಬಳಸುವಂತಿಲ್ಲ’ ಎಂಬ ಸಾಲಿನ ಪಕ್ಕದಲ್ಲೇ ಹೊಡೆಯುತ್ತೇನೆ. ಬರೆದವನ ಬೆವರನ್ನು ಕಾಯುವ ಸಾಲು ಎಂದು ತಿಳಿದಿದ್ದೆ. ಇಲ್ಲಿ ಗೌಡ ಹರಿ ಎನ್ನುತ್ತಾನೆ, ಹಕ್ಕುದಾರ ಹೂಂ ಎನ್ನುತ್ತಾನೆ. ಹಾಡಿದವಳನ್ನು ಒಬ್ಬನೂ ಕೇಳಲಿಲ್ಲ.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಹೇಳಿದೆ.

“ಕಾಪಿರೈಟ ಅಂದ್ರ?”

“ಹಾಡ ಅವರದು ಅಂತ.”

“ಥೂ ಅವನ! ನಮ್ಮವ್ವ ನನಗ ಈ ಹಾಡ ಕೊಟ್ಟಾಗ ಅಂವ ಹುಟ್ಟಿದ್ದಿಲ್ಲ. ದೀಪ ಹಚ್ಚಿ, ಭಂಡಾರ ಹಾರಿಸಿ ಹಾಡೀನಿ ಅವನ ಮುಂದ. ದೇವರಿಗೆ ಹಾಡಿದ್ರಾಗ ಒಂದ ನುಡಿ ತಗದ್ರ, ದೇವರು ಬಾಯಾರಿ ಅಲ್ಲೇ ನಿಲ್ತಾನ. ನೀ ಏನ ಮಾಡಾಂವ?”

“ಹರೀತೇನಿ. ಸವಿತಾನ ಸಾಲಿ ಐತಿ. ನಿನ್ನ ದವಾಖಾನಿ ಐತಿ.”

ಅವಳು ರೊಟ್ಟಿಯನ್ನು ಹಂಚಿನ ಮೇಲೆ ಎಸೆದಳು.

ಮರುದಿನ ಗ್ರಂಥಾಲಯದ ಮುಂದೆ ಗೌಡ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಅವನ ಹಿಂದೆ ಆನಂದ, ಆಳು ಮುತ್ತಪ್ಪ, ಗೌಡನ ಹೊಲಮನೆಯಲ್ಲಿ ದುಡಿಯುವ ನಮ್ಮವರೇ ಇನ್ನಷ್ಟು ಜನ. ನಾನು ಪುಟ ತೆರೆದು ಅಂಚು ಹಿಡಿದೆ.

ಅಷ್ಟರಲ್ಲಿ ಅವ್ವ ಬಂದಳು. ಕೈಯಲ್ಲಿ ತಾಳ, ಸೊಂಟದಲ್ಲಿ ಭಂಡಾರದ ಚೀಲ. ಯಾರನ್ನೂ ನೋಡದೆ ಮುಷ್ಟಿ ತುಂಬ ಅರಿಶಿನ ಪುಡಿ ತೆಗೆದು ಮೇಲಕ್ಕೆ ಹಾರಿಸಿದಳು. ಗೌಡನ ಬಿಳಿ ಅಂಗಿಯ ಮೇಲೂ ಬಿತ್ತು. ಹಾಡು ಎತ್ತಿದಳು.

ನಮ್ಮಲ್ಲಿ ಭಂಡಾರ ಹಾರಿ ಹಾಡು ಎದ್ದರೆ, ಅದು ಮುಗಿಯುವವರೆಗೆ ಯಾರೂ ಜಾಗ ಬಿಟ್ಟು ಏಳುವಂತಿಲ್ಲ. ಗೌಡನ ಹಿಂದಿನವರು ಚಪ್ಪಲಿ ಕಳಚಿ ನೆಲಕ್ಕೆ ಕೂತರು.

“ಏಳ್ರಲೇ! ಮುದುಕಿನ್ನ ಎತ್ತಿ ಒಗೀರಿ ಅತ್ತ!”

“ಮುಗೀಲಿ ತಡೀರಿ ಗೌಡ್ರ, ದೇವರ ಕೆಲಸ,” ಎಂದ ಮುತ್ತಪ್ಪ, ತಲೆ ಎತ್ತದೆ.

ಹಾಡು ಬಾವಿಯ ದಂಡೆಗೆ ಬಂತು. ಗೌಡ ಬಾಗಿಲು ಹಾಕಿದ. ಹುಳ ಬಿದ್ದವು. ಸಾಲಿನ ಮೇಲೆ ಬೆರಳಿಟ್ಟು ನೋಡುತ್ತಿದ್ದ ನನಗೆ ಆಮೇಲಿನದು ಪುಟದಲ್ಲಿ ಸಿಗಲಿಲ್ಲ.

“ಹಾಳಿ ಹರಿಸಾಕ ಬಂದಾನ ಗೌಡ,
ನಾಲಗಿ ಹೆಂಗ ಹರಿಸ್ಯಾನೋ.”

“ಇದು ಬುಕ್ಕಿನ್ಯಾಗ ಐತೇನಲೇ?” ಗೌಡ ನನ್ನತ್ತ ತಿರುಗಿದ.

“ಇಲ್ರಿ. ಇದಕ್ಕ ಹರಿಯಾಕ ಹಾಳಿ ಇಲ್ಲ.”

ಮುಂದಿನವರು ಹಾಡಿದ ಸಾಲನ್ನು ಹಿಂದಿನವರು ಎತ್ತಿಕೊಳ್ಳಬೇಕು. ಆಗಲೇ ಹಾಡು ಮುಂದೆ ನಡೆಯುವುದು. ಯಾರೂ ಎತ್ತಿಕೊಳ್ಳಲಿಲ್ಲ. ಅವ್ವ ಅದೇ ಸಾಲನ್ನು ಮತ್ತೆ ಹಾಡಿದಳು. ದನಿ ಒಡೆಯಿತು, ಕೆಮ್ಮು ಬಂತು. ಕೂತವರ ಮುಖಗಳನ್ನು ಒಂದೊಂದಾಗಿ ನೋಡಿದೆ. ಒಬ್ಬನ ಮೇಲೂ ನನಗೆ ನಂಬಿಕೆ ಇರಲಿಲ್ಲ.

ಪುಸ್ತಕ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡೆ. ನನಗೆ ಹಾಡಲು ಬರುವುದಿಲ್ಲ. ಬಾಯಿ ತೆರೆದೆ. ಆ ಸಾಲು ಕತ್ತೆಯ ಕೂಗಿನ ಹಾಗೆ ಹೊರಟಿತು.

“ಮುಗೀತು ನಿನ್ನ ಕೆಲಸ, ಹಲ್ಕಟ್!” ಎಂದು ಗೌಡ ಎದ್ದ.

ಅವನ ಬೆನ್ನ ಹಿಂದೆ ಇನ್ನೊಂದು ದನಿ ಆ ಸಾಲನ್ನು ಎತ್ತಿಕೊಂಡಿತು. ಸಣ್ಣಗೆ.

“ಯಾವನಲೇ ಅಂವಾ?”

ಗೌಡ ತಿರುಗಿದ. ಎಲ್ಲರ ತಲೆ ಕೆಳಗಿತ್ತು. ಒಬ್ಬೊಬ್ಬನ ಮುಂದೆ ನಿಂತು, ಬಗ್ಗಿ, ತುಟಿ ನೋಡುತ್ತ ಬಂದ. ಆನಂದನ ಗದ್ದ ಹಿಡಿದು ಮೇಲೆತ್ತಿದ. ಆನಂದನ ಬಾಯಿ ಮುಚ್ಚಿತ್ತು.

ಆಗ ಅದೇ ಸಾಲು, ಬೇರೆ ದನಿಯಲ್ಲಿ, ಕೂತವರ ಇನ್ನೊಂದು ತುದಿಯಿಂದ ಬಂತು.