ಆಫೀಸಿಗೆ ಹೋಗುವ ಡ್ರೈವರಮ್ಮ

ಬಸ್ ಡಿಪೋದ ಹಿಂದಿನ ಸಣ್ಣ ಕೋಣೆಯಲ್ಲಿ ಅವಳು ದಿನವೂ ಬೆಳಿಗ್ಗೆ ಚೂಡಿದಾರ ಕಳಚಿ ಯೂನಿಫಾರ್ಮ್ ತೊಡುತ್ತಿದ್ದಳು. ಕೆಲಸ ಮುಗಿದ ಮೇಲೆ ಯೂನಿಫಾರ್ಮನ್ನು ಚೀಲದ ತಳಕ್ಕೆ ತುರುಕಿ, ಮತ್ತೆ ಚೂಡಿದಾರ ತೊಟ್ಟು ಮನೆಗೆ ಹೊರಡುತ್ತಿದ್ದಳು. ಪರದೇಶಕ್ಕೆ ಬಂದು, ಅಲ್ಲಿನ ಭಾಷೆ ಕಲಿತು, ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ, ಅಷ್ಟುದ್ದದ ಬಸ್ಸನ್ನು ಇಕ್ಕಟ್ಟಿನ ಬೀದಿಗಳಲ್ಲಿ ಬೆಣ್ಣೆಯಿಂದ ಕೂದಲು ತೆಗೆದಂತೆ ತಿರುಗಿಸುವ ಹೆಂಗಸಿಗೆ ಇದೆಂಥ ಕಳ್ಳಾಟ!

"ಯಾಕಮ್ಮಾ, ಬಸ್ಸನ್ನೇನು ಕದ್ದು ತಂದಿದ್ದೀಯಾ?" ಎಂದು ಡಿಪೋದ ಹಿರಿಯ ಡ್ರೈವರಮ್ಮ, ಆ ದೇಶದವಳೇ, ಒಂದು ದಿನ ಕೇಳಿಯೇಬಿಟ್ಟಳು.

ಅವಳಿಗೇನು ಹೇಳುವುದು? ಗಂಡ ನಮ್ಮವರ ಮುಂದೆಲ್ಲ "ನಮ್ಮನೆಯವಳು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿದ್ದಾಳೆ" ಎಂದು ಹೇಳಿಕೊಂಡು ತಿರುಗುತ್ತಾನೆ ಎಂದೇ? ಆ ದೇಶದವರಿಗೆ ಅದು ಅರ್ಥವಾಗುವ ಮಾತಲ್ಲ. ಅಲ್ಲಿ ಡಾಕ್ಟರೂ ಡ್ರೈವರೂ ಅಂಗಡಿಯ ಸಾಲಿನಲ್ಲಿ ಹಿಂದೆ ಮುಂದೆ ನಿಂತು ಹವಾಮಾನದ ಬಗ್ಗೆ ಹರಟುತ್ತಾರೆ. ಬಸ್ಸಿನಿಂದ ಇಳಿಯುವವರೆಲ್ಲ, ಕೋಲೂರುವ ಮುದುಕರಿಂದ ಹಿಡಿದು ಶಾಲೆಯ ಮಕ್ಕಳವರೆಗೆ, ಡ್ರೈವರಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ. ಹೊಸದರಲ್ಲಿ ಅವಳು ಯಾರಿಗೆ ಹೇಳುತ್ತಿದ್ದಾರಪ್ಪಾ ಎಂದು ಹಿಂತಿರುಗಿ ನೋಡುತ್ತಿದ್ದಳು. ಒಬ್ಬ ಮಹರಾಯ "ಹೇಗಿದ್ದೀರಿ?" ಎಂದಾಗ, ನಿಜವಾಗಿಯೂ ಕೇಳುತ್ತಿದ್ದಾನೆಂದು ನಂಬಿ, ತನ್ನ ಸೊಂಟನೋವಿನಿಂದ ಮಗಳ ನೆಗಡಿಯವರೆಗೆ ಎಲ್ಲವನ್ನೂ ಒಪ್ಪಿಸಿದ್ದಳು. ಪಾಪ, ಮರ್ಯಾದೆಗೆ ಕಟ್ಟುಬಿದ್ದು ನಿಂತೇ ಕೇಳಿದ ಅವನಿಗೆ ಇಳಿಯಬೇಕಾದ ಸ್ಟಾಪು ತಪ್ಪಿಹೋಯಿತು.

ಆ ವಾರ ಡಿಪೋದಲ್ಲಿ ರೂಟುಗಳ ಹಂಚಿಕೆ. ಹಿರಿತನದ ಪ್ರಕಾರ ಡ್ರೈವರುಗಳೇ ತಮಗೆ ಬೇಕಾದ ರೂಟು ಆರಿಸಿಕೊಳ್ಳುವುದು ಅಲ್ಲಿನ ಪದ್ಧತಿ. ಇಷ್ಟು ದಿನ ಅವಳ ಸರದಿ ಬರುವಷ್ಟರಲ್ಲಿ ಹರಕು ಮುರುಕು ಪಾಳಿಗಳಷ್ಟೇ ಉಳಿದಿರುತ್ತಿದ್ದವು. ಮನೆ ಸೇರುವಾಗ ಮಗಳು ನಿದ್ದೆ ಹೋಗಿರುತ್ತಿದ್ದಳು. ಈ ಸಲ ಒಂದು ಹಗಲಿನ ರೂಟು ಸಿಕ್ಕಿತು. ಆದರೆ ಅದು ಅವಳ ಮನೆಯ ಮುಂದಿನ ಸ್ಟಾಪಿನಲ್ಲೇ ನಿಲ್ಲುವ ಬಸ್ಸು. ಅವಳು ಹಿಂದೆಮುಂದೆ ನೋಡದೆ ಒಪ್ಪಿಕೊಂಡು ಬಂದಳು.

"ಬೇಡ ಅಂತ ವಾಪಸ್ ಕೊಟ್ಬಿಡು," ಎಂದ ಗಂಡ, ದನಿ ತಗ್ಗಿಸಿ. ಊರಿನಿಂದ ಬಂದಿದ್ದ ಅವನ ಅಕ್ಕ ಪಕ್ಕದ ಕೋಣೆಯಲ್ಲಿದ್ದಳು. "ಅಕ್ಕನಿಗೂ ಆಫೀಸು ಅಂತಾನೇ ಹೇಳಿದೀನಿ. ಪಕ್ಕದ ಕಟ್ಟಡದಲ್ಲಿ ರೇಡಿಯೋ ಬೇರೆ ಇದಾರೆ."

ರೇಡಿಯೋ ಎಂದರೆ ಅಲ್ಲಿನ ನಮ್ಮವರ ಪೈಕಿ ಹಿರಿಯರೊಬ್ಬರು. ಅವರ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಎಲ್ಲರ ಮನೆಯಲ್ಲೂ ಬಿತ್ತರವಾಗುತ್ತಿತ್ತು.

"ನಿಮ್ಮ ರೇಡಿಯೋಗೋಸ್ಕರ ನಾನು ನನ್ನ ಮಗಳು ಎದ್ದಿರೋದನ್ನೇ ನೋಡಬಾರದಾ?"

"ನಿಂಗೆ ಗೊತ್ತಿಲ್ಲ ಕಣೆ. ಅಪ್ಪ ಲಾರಿ ಓಡಿಸ್ತಿದ್ರು. ಶಾಲೇಲಿ ನಂಗೆ ಹೆಸರೇ ಇರಲಿಲ್ಲ, 'ಡ್ರೈವರ್ ಮಗ' ಅಷ್ಟೇ. ನೆಂಟರ ಮನೆಗೆ ಹೋದ್ರೆ ಅಪ್ಪಂಗೆ ಒಬ್ರೂ ಕುರ್ಚಿ ಕೊಡ್ತಿರಲಿಲ್ಲ. ಬಾಗಿಲ ಹತ್ರ ನಿಂತೇ ಕಾಫಿ ಕುಡೀತಿದ್ರು. ಅದೆಲ್ಲ ಮುಗೀತು ಅಂತ ಇಷ್ಟು ದೂರ ಬಂದೆ. ಇಲ್ಲೂ ಅದೇನಾ?"

ಅವಳಿಗೆ ಅಯ್ಯೋ ಅನ್ನಿಸಿತು. ಆದರೆ ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ಕುರ್ಚಿ ಕೊಡದೇ ಇದ್ದೋರದ್ದು ತಪ್ಪು. ನೀವು ಅವರನ್ನ ಬಿಟ್ಟು ಅಪ್ಪನ್ನೇ ಬಚ್ಚಿಟ್ರಿ. ಈಗ ನನ್ನನ್ನ ಬಚ್ಚಿಡ್ತಿದೀರಿ. ನಾನು ಅಟ್ಟಕ್ಕೆ ಹಾಕೋ ಸಾಮಾನಲ್ಲ ರೀ."

"ನಾಲ್ಕು ಜನ ಆಡ್ಕೊಂಡು ನಗ್ತಾರೆ."

"ನಗ್ಲಿ. ನಕ್ಕು ಸುಸ್ತಾದ್ಮೇಲೆ ಅವರೂ ಬಸ್ಸೇ ಹತ್ತಬೇಕು."

ಹೊಸ ರೂಟು ಶುರುವಾಗುವ ಭಾನುವಾರ ಬೆಳಿಗ್ಗೆ ಅವಳು ಮನೆಯಲ್ಲೇ ಯೂನಿಫಾರ್ಮಿಗೆ ಇಸ್ತ್ರಿ ಹಾಕಿ, ಮನೆಯಲ್ಲೇ ತೊಟ್ಟು, ನೇರ ಹಾಲಿಗೆ ಬಂದಳು. ಗಂಡನ ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು ಹಾಗೇ ನಿಂತಿತು.

"ಇದೇನೇ ವೇಷ?" ಎಂದಳು ಅವನ ಅಕ್ಕ, ಕಾಫಿ ಲೋಟ ಹಿಡಿದೇ.

"ಇಷ್ಟು ದಿನ ಹಾಕ್ಕೊಂಡಿದ್ದೇ ವೇಷ ಅತ್ತಿಗೆ. ನಾನು ಆಫೀಸಲ್ಲಿಲ್ಲ. ಬಸ್ ಓಡಿಸ್ತೀನಿ."

ಅತ್ತಿಗೆ ಲೋಟ ಕೆಳಗಿಟ್ಟಳು. ಅವಳ ಅಂಗಿಯ ಗುಂಡಿಗಳನ್ನೂ ಭುಜದ ಪಟ್ಟಿಯನ್ನೂ ನಿಧಾನವಾಗಿ ನೋಡಿ, ತಮ್ಮನ ಕಡೆ ತಿರುಗಿದಳು. "ನಂಗೂ ಸುಳ್ಳು ಹೇಳಿದ್ಯೇನೋ? ನಾನೂ ಅದೇ ಅಪ್ಪನ ಮಗಳಲ್ವೇನೋ?"

ತಮ್ಮ ಬಚ್ಚಲಮನೆ ಹೊಕ್ಕು ಬಾಗಿಲು ಹಾಕಿಕೊಂಡ.

"ನಿನ್ನ ಬಸ್ಸು ಎಷ್ಟು ಹೊತ್ತಿಗೆ ಬರತ್ತೆ?" ಎಂದು ಅತ್ತಿಗೆ ಕೇಳಿದಳು.

ಅವಳು ಹೊತ್ತು ಹೇಳಿ ಡಿಪೋಗೆ ಹೊರಟಳು. ಅಂದು ಮಧ್ಯಾಹ್ನ, ಆ ಬಸ್ಸಿನ ದಾರಿಯಲ್ಲೇ, ನಮ್ಮವರೆಲ್ಲ ಸೇರುವ ಊಟದ ಕೂಟವಿತ್ತು. ಗಂಡ ಟ್ಯಾಕ್ಸಿಗೆಂದು ಫೋನು ತಿರುಗಿಸುತ್ತಿರುವಾಗಲೇ ಅಕ್ಕ ಮೆಟ್ಟಿಲಿಳಿದು, ಪಕ್ಕದ ಕಟ್ಟಡದ ರೇಡಿಯೋ ದಂಪತಿಯನ್ನೂ ಹೊರಡಿಸಿಕೊಂಡು ಸ್ಟಾಪಿಗೆ ನಡೆದಾಗಿತ್ತು. ಅವನು ಏದುಸಿರು ಬಿಡುತ್ತ ಓಡಿ ಬಂದಾಗ ಬಸ್ಸು ತಿರುವಿನಲ್ಲಿತ್ತು. ಹಿಂದಕ್ಕೆ ಹೋಗುವಂತಿರಲಿಲ್ಲ.

ಬಾಗಿಲು ತೆರೆಯಿತು. ಅತ್ತಿಗೆ ಮೊದಲು ಹತ್ತಿ, ಬಸ್ ಕಾರ್ಡು ತೋರಿಸಿ, ಡ್ರೈವರಿಗೆ ಕಾಣುವ ಹಾಗೆ ಮುಂದಿನ ಸೀಟಿನಲ್ಲೇ ಕುಳಿತಳು. ರೇಡಿಯೋ ಒಂದು ಕಾಲು ಮೇಲಿಟ್ಟವರು ಅಲ್ಲೇ ನಿಂತುಬಿಟ್ಟರು.

"ಏನಮ್ಮಾ ಇದು! ನೀನು ಆಫೀಸಲ್ಲಿ ಅಂತ..."

"ಇದೇ ನನ್ನ ಆಫೀಸು ಸಾರ್. ಕಿಟಕಿ ದೊಡ್ಡದು. ಬನ್ನಿ, ಕೂತ್ಕೊಳ್ಳಿ."

ರೇಡಿಯೋ ಜೀವನದಲ್ಲಿ ಮೊದಲ ಸಲ ಸದ್ದಿಲ್ಲದೆ ಹೋಗಿ ಕುಳಿತರು. ಕಿವಿಗಳು ಮಾತ್ರ ಬಾಗಿಲ ಕಡೆಗೇ ಇದ್ದವು.

ಗಂಡ ಹತ್ತಿದ. ಮುಖವೆತ್ತದೆ, ಅಪರಿಚಿತನಂತೆ, ಟಿಕೆಟ್ ಯಂತ್ರಕ್ಕೆ ಕಾರ್ಡು ಚಾಚಿದ. ಅವಳು ಯಂತ್ರಕ್ಕೆ ಅಂಗೈ ಅಡ್ಡ ಹಿಡಿದಳು.

"ಡ್ರೈವರಿನ ಗಂಡನಿಗಾಗ್ಲಿ ಹೆಂಡತಿಗಾಗ್ಲಿ ಈ ಬಸ್ಸಲ್ಲಿ ಟಿಕೆಟ್ ಇಲ್ಲ. ಬಾಯಿ ಬಿಟ್ಟು ಹೇಳ್ಬೇಕು ಅಷ್ಟೇ. ನೀವು ಯಾರು ಹೇಳಿ."

"ಲೇ, ಸುಮ್ನಿರೆ. ಎಲ್ರೂ ನೋಡ್ತಿದಾರೆ. ದುಡ್ಡು ತಗೋ."

"ಯಾರೂ ಅಲ್ಲದವರ ಹತ್ರ ತಗೋತೀನಿ. ನೀವು ಯಾರೂ ಅಲ್ವಾ?"

ಅವನ ಹಿಂದೆ ಸಾಲು ಬೆಳೆದಿತ್ತು. ನಮ್ಮ ಕಡೆಯಾಗಿದ್ದರೆ ಇಷ್ಟು ಹೊತ್ತಿಗೆ "ಹತ್ರೀ ಸ್ವಾಮಿ" ಎಂದು ಯಾರಾದರೂ ಬೆನ್ನಿಗೆ ತಿವಿದು, ಅವನು ಆ ಗಲಾಟೆಯಲ್ಲೇ ಒಳಗೆ ನುಸುಳಿಬಿಡುತ್ತಿದ್ದ. ಈ ದೇಶದವರು ತಿವಿಯುವುದಿಲ್ಲ, ಗೊಣಗುವುದೂ ಇಲ್ಲ. ತೆಪ್ಪಗೆ ಕಾಯುತ್ತಾರೆ. ಆ ಮೌನ ಅವನಿಗೆ ಬೆನ್ನಿಗೆ ಗುದ್ದಿದ್ದಕ್ಕಿಂತ ಹೆಚ್ಚಾಯಿತು. ಅವನು ರೇಡಿಯೋ ಕಡೆ ನೋಡಿದ. ಅಕ್ಕನ ಕಡೆ ನೋಡಿದ. ಅಕ್ಕ ಕಣ್ಣು ಕದಲಿಸಲಿಲ್ಲ. ಕೊನೆಗೆ ಹೆಂಡತಿಯನ್ನು ನೋಡಿದ. ಅವಳ ಕಣ್ಣು ತುಂಬಿತ್ತು, ಕೈ ಮಾತ್ರ ಯಂತ್ರದಿಂದ ಸರಿದಿರಲಿಲ್ಲ.

ಅವನು ಕಾರ್ಡನ್ನು ಜೇಬಿಗೆ ಹಾಕಿಕೊಂಡು, ಆ ದೇಶದ ಭಾಷೆಯಲ್ಲೇ, ಇಡೀ ಬಸ್ಸಿಗೆ ಅರ್ಥವಾಗುವ ಹಾಗೆ ಹೇಳಿದ: "ಈ ಬಸ್ಸಿನ ಡ್ರೈವರ್ ನನ್ನ ಹೆಂಡತಿ." ಆಮೇಲೆ ರೇಡಿಯೋ ಕಡೆ ತಿರುಗಿ, ಕನ್ನಡದಲ್ಲಿ, ಇನ್ನೂ ಜೋರಾಗಿ ಇನ್ನೊಮ್ಮೆ ಹೇಳಿದ.

ಅವಳು ಯಂತ್ರದಿಂದ ಕೈ ತೆಗೆದು, ಕಣ್ಣೊರೆಸಿಕೊಂಡು, ಸ್ಟೀರಿಂಗ್ ಹಿಡಿದಳು.

"ಗೊತ್ತಾಯ್ತಲ್ಲ, ಇನ್ನು ಒಳಗೆ ಹೋಗಿ. ಜನ ಕಾಯ್ತಿದಾರೆ."